ಮೊಟ್ಟೆಯೂ ಬೇಕು, ಕೋಳಿಗೆ ಜಾಗವೂ ಬೇಕು

ಹೋದ ವಾರ ಬೇಗಂ ಬಜಾರಿನ ಒಂದು ಚಹಾದಂಗಡಿಯಲ್ಲಿ ನಮ್ಮವರೇ ಇಬ್ಬರು ವಾದಕ್ಕಿಳಿದಿದ್ದರು. ಒಬ್ಬರು ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಇನ್ನೊಬ್ಬರು ಬೀದರ ಕಡೆಯ ತರುಣ, ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸ.

“ತತ್ತಿ ಮುಟ್ಟೂದೇ ಪಾಪ, ತಮ್ಮಾ” ಎಂದರು ಹಿರಿಯರು.

“ಕಾಕಾ, ತುಪ್ಪ ಬದಾಮು ಕೊಳ್ಳೋ ಶಕ್ತಿ ನಮಗಿಲ್ಲ. ಮಕ್ಕಳಿಗೆ ಒಂದು ತತ್ತಿನಾದರೂ ಬ್ಯಾಡೇನು?” ಎಂದ ತರುಣ.

ಅರ್ಧ ಗಂಟೆ ವಾದ ನಡೆಯಿತು. ಆ ಮೊಟ್ಟೆಯಿಟ್ಟ ಕೋಳಿಯ ಸ್ಥಿತಿ ಏನೆಂದು ಮಾತ್ರ ಇಬ್ಬರೂ ಕೇಳಲಿಲ್ಲ.

ದೊಡ್ಡವರ ವಾದವೂ ಇಷ್ಟೇ. 2021ರಲ್ಲಿ ಕರ್ನಾಟಕ ಸರಕಾರವು ಬೀದರ, ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳ ಶಾಲಾಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ನಮಗೆ ಮೊಟ್ಟೆ ಬೇಕೆಂದರು. ಮಕ್ಕಳ ಮಾತೇ ಸರಿ. ಹಸಿದ ಮಗುವಿನ ಕೈಯಿಂದ ಮೊಟ್ಟೆ ಕಿತ್ತುಕೊಳ್ಳುವುದು ಧರ್ಮವಲ್ಲ. ಆದರೆ ಅದಕ್ಕಾಗಿ ಒಂದು ಜೀವವನ್ನು ಬಾಳುದ್ದಕ್ಕೂ ಹಿಂಸಿಸುವುದೂ ಧರ್ಮವಲ್ಲ.

ಹೋಟೆಲ್ ಬಂಧುಗಳೇ, ಗಿರಾಕಿಗೆ ತಿಂಡಿ ಕೊಡುವ ಒಂಬತ್ತೂವರೆ ಅಂಗುಲದ ತಟ್ಟೆಯೊಂದನ್ನು ನೋಡಿರಿ. ಅದರ ವಿಸ್ತೀರ್ಣ ಸುಮಾರು 450 ಚದರ ಸೆಂಟಿಮೀಟರ್. ತಂತಿಯ ಪಂಜರದಲ್ಲಿ ಒಂದು ಕೋಳಿಗೆ ಈ ಉದ್ಯಮವು ಬಹುಕಾಲದಿಂದ ಕೊಟ್ಟುಬಂದ ಜಾಗ ಅಷ್ಟೇ. ರೆಕ್ಕೆ ಬಿಚ್ಚುವಂತಿಲ್ಲ, ಮಣ್ಣು ಕೆದಕುವಂತಿಲ್ಲ. ಒಂದನ್ನೊಂದು ಕುಕ್ಕದಿರಲೆಂದು ಕೊಕ್ಕಿನ ತುದಿಯನ್ನು ಕತ್ತರಿಸುತ್ತಾರೆ. ವರ್ಷಕ್ಕೆ 300ರಷ್ಟು ಮೊಟ್ಟೆಯಿಟ್ಟು ಎಲುಬು ಸವೆದು, ಇಳುವರಿ ಕುಗ್ಗಿದೊಡನೆ ಕಸಾಯಿಖಾನೆಗೆ. ಈ ತಳಿಯ ಗಂಡುಮರಿಗಳಿಂದ ಲಾಭವಿಲ್ಲವೆಂದು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಹೋಟೆಲಿನ ಅಟ್ಟದ ಮೇಲೆ ಎಂಟೆಂಟು ಮಂದಿ ಒತ್ತಾಗಿ ಮಲಗಿ ಎದ್ದ ನಮಗೆ ಇಕ್ಕಟ್ಟೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಇಲ್ಲವೆಂದಲ್ಲ. ರುಕ್ಮಿಣಿದೇವಿ ಅರುಂಡೇಲರ ಪ್ರಯತ್ನದಿಂದ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮು, ಅಲುಗಾಡಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧವೆನ್ನುತ್ತದೆ. 2017ರಲ್ಲಿ ಭಾರತದ ಕಾನೂನು ಆಯೋಗವು ತನ್ನ 269ನೇ ವರದಿಯಲ್ಲಿ ಇದೇ ಕೋಳಿಗಳ ಪರವಾಗಿ ಮಾತಾಡಿತು. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಹಳೆಯ ಮಾದರಿಯ ಪಂಜರಗಳು 2012ರಿಂದ ನಿಷಿದ್ಧ.

ಜಾಗ ಕೊಟ್ಟರೆ ಮೊಟ್ಟೆಯ ಬೆಲೆ ಏರುವುದೆಂದು ಫಾರಂ ಮಾಲಿಕರು ಹೇಳುತ್ತಾರೆ. ಸುಳ್ಳಲ್ಲ, ಏರುವುದು. ಆದರೆ ನಾವು ಎಂಟು ಗಂಟೆಯ ದುಡಿಮೆ, ವಾರದ ರಜೆ ಕೇಳಿದಾಗಲೂ ಇಡ್ಲಿಯ ಬೆಲೆ ಏರುವುದೆಂದೇ ಮಾಲಿಕರು ಹೆದರಿಸಿದ್ದರು. ಆಗ ಆ ಮಾತಿಗೆ ತಲೆಬಾಗದ ನಾವು ಈಗ ಮೂಕಪ್ರಾಣಿಯ ವಿಷಯದಲ್ಲಿ ಅದೇ ಮಾತನ್ನು ಒಪ್ಪುವುದು ಹೇಗೆ?

ಹಾಗೆಂದು ಏರಿದ ಬೆಲೆಯ ಹೊರೆ ಬಡವನ ಮೇಲೆ ಬೀಳಬಾರದು. ಶಾಲೆ, ಅಂಗನವಾಡಿಗಳ ಮೊಟ್ಟೆಗೆ ಹೆಚ್ಚಿನ ವೆಚ್ಚವನ್ನು ಸರಕಾರವೇ ಭರಿಸಲಿ. ಪಂಜರ ತೆಗೆಯುವ ಸಣ್ಣ ಸಾಕಣೆದಾರನಿಗೆ ಕಡಿಮೆ ಬಡ್ಡಿಯ ಸಾಲವೂ ಸಮಯವೂ ದೊರೆಯಲಿ. ನಮ್ಮ ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ಸಂಸ್ಥೆಯೇ ಹಿತ್ತಲಲ್ಲಿ ಸಾಕಲೆಂದು ವನರಾಜ, ಗ್ರಾಮಪ್ರಿಯ ತಳಿಗಳನ್ನು ಬೆಳೆಸಿದೆ. ಊರಲ್ಲಿರುವ ನಮ್ಮ ತಾಯಂದಿರು, ಅಕ್ಕತಂಗಿಯರು ಅವನ್ನು ಸಾಕಿದರೆ ಮನೆಗೆ ಮೊಟ್ಟೆಯೂ ಆಯಿತು, ಕೈಗೆ ನಾಲ್ಕು ಕಾಸೂ ಆಯಿತು.

ಕಾಕಾ ತಿನ್ನದಿರಲಿ, ತರುಣ ತಿನ್ನಲಿ. ಅದು ಅವರವರ ಇಷ್ಟ. ಆದರೆ ಮೊಟ್ಟೆಯ ಟ್ರೇ ಬಾಗಿಲಿಗೆ ಬಂದಾಗ, ಇದು ಪಂಜರದ್ದೋ ಅಲ್ಲವೋ ಎಂದು ಕೇಳುವ ಹಕ್ಕು ಅಡಿಗೆಮನೆಯವರಿಗೆ ಇದೆ. ಒಬ್ಬರು ಕೇಳಿದರೆ ಸಾಹುಕಾರರು ನಕ್ಕಾರು. ಸಂಘವೇ ಕೇಳಿದರೆ ಉತ್ತರ ಕೊಡಬೇಕಾದೀತು.