ಮೊದಲ ಕಪ್ ಯಾವುದು? ಇನ್ನೊಮ್ಮೆ ಎಣಿಸೋಣ

2025ರ ಜೂನ್ 3ರ ರಾತ್ರಿ ಡೊಂಬಿವಲಿಯ ನಮ್ಮ ಮನೆಯಲ್ಲಿ ಏಳೆಂಟು ಕನ್ನಡಿಗರು ಟಿ.ವಿ. ಮುಂದೆ ಕೂತಿದ್ದೆವು. ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿದ ಕೂಡಲೇ ‘ಹದಿನೆಂಟು ವರ್ಷಕ್ಕೆ ಮೊದಲ ಕಪ್!’ ಎಂದು ಕೂಗಿದೆವು. ನನ್ನ ಹತ್ತು ವರ್ಷದ ಮಗಳು ಮಾತ್ರ ಕೇಳಿದಳು: ‘ಅಪ್ಪಾ, ಹಾಗಾದ್ರೆ ಹೋದ ವರ್ಷ ಸ್ಮೃತಿ ಎತ್ತಿದ್ದು ಏನು?’

ಆ ಗದ್ದಲದಲ್ಲಿ ಯಾರೂ ಉತ್ತರ ಕೊಡಲಿಲ್ಲ. ಮರುದಿನ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜೀವಗಳು ಹೋದವು. ಆ ದುಃಖದಲ್ಲಿ ಪ್ರಶ್ನೆ ಮರೆತೇಹೋಯಿತು. ಆದರೆ ಅದಕ್ಕೆ ಉತ್ತರ ಬಾಕಿ ಇದೆ.

ಪುರುಷರ ತಂಡದ ಅಂಕಿಅಂಶ ನಮಗೆಲ್ಲ ಬಾಯಿಪಾಠ. 2016ರಲ್ಲಿ ಕೊಹ್ಲಿಯ 973 ರನ್. 2013ರ ಏಪ್ರಿಲ್ 23ರಂದು ಗೇಲ್ 175 ಹೊಡೆದು ತಂಡ 263 ತಲುಪಿದ್ದು, 2017ರಲ್ಲಿ ಅದೇ ತಾರೀಖಿಗೆ 49ಕ್ಕೆ ಆಲೌಟ್ ಆಗಿದ್ದು. 2009, 2011, 2016ರಲ್ಲಿ ಫೈನಲ್ ಸೋತಿದ್ದು. ಗೆಲುವಿನಷ್ಟೇ ಸೋಲನ್ನೂ ನೆನಪಿಟ್ಟುಕೊಂಡ ಅಭಿಮಾನಿಗಳು ನಾವು. ಆದರೆ ಅದೇ ಹೆಸರಿನ, ಅದೇ ಕೆಂಪು ಜೆರ್ಸಿಯ ಮಹಿಳಾ ತಂಡದ ದಾಖಲೆಯನ್ನು ನಮ್ಮಲ್ಲಿ ಎಷ್ಟು ಜನ ತೆರೆದು ನೋಡಿದ್ದೇವೆ?

ಅದರ ಮೊದಲ ಪುಟ ಬರೆದದ್ದು ನಮ್ಮ ಈ ಸೀಮೆಯಲ್ಲೇ. 2023ರ ಮೊದಲ ಡಬ್ಲ್ಯುಪಿಎಲ್‌ನ ಎಲ್ಲ ಪಂದ್ಯಗಳೂ ಮುಂಬೈ ಮತ್ತು ನವಿ ಮುಂಬೈಯಲ್ಲಿ ನಡೆದವು. ಆರ್‌ಸಿಬಿ ಸತತ ಐದು ಸೋತಿತು. ಮಾರ್ಚ್ 15ರಂದು ನನ್ನ ಹೆಂಡತಿ, ಮಗಳು ಠಾಣೆಯಲ್ಲಿ ಗಾಡಿ ಬದಲಿಸಿ, ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದು ನೆರೂಳಿಗೆ ಹೋಗಿದ್ದರು. ಹೆಣ್ಣುಮಕ್ಕಳಿಗೆ ಪ್ರವೇಶ ಉಚಿತವಾಗಿತ್ತು. ಆ ರಾತ್ರಿ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕನಿಕಾ ಅಹುಜಾ 30 ಎಸೆತಗಳಲ್ಲಿ 46 ಹೊಡೆದರು. ಯುಪಿ ವಿರುದ್ಧ 5 ವಿಕೆಟ್‌ಗಳ ಗೆಲುವು, ತಂಡದ ಮೊತ್ತಮೊದಲನೆಯದು.

ಆ ವರ್ಷ 8 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. 3.40 ಕೋಟಿ ರೂಪಾಯಿಗೆ ಬಂದಿದ್ದ ನಾಯಕಿ ಸ್ಮೃತಿ ಮಂದಾನ ಗಳಿಸಿದ್ದು 149 ರನ್. ಮರುವರ್ಷ ಅದೇ ಸ್ಮೃತಿ 300 ರನ್ ಗಳಿಸಿದರು. ಎಲಿಸ್ ಪೆರಿಯ 347 ರನ್, ನಮ್ಮ ಶ್ರೇಯಾಂಕ ಪಾಟೀಲರ 13 ವಿಕೆಟ್ ಎರಡೂ ಟೂರ್ನಿಯಲ್ಲೇ ಅತ್ಯಧಿಕ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಫೈನಲ್. ವಿಕೆಟ್ ಕಳೆದುಕೊಳ್ಳದೆ 64 ರನ್ ಗಳಿಸಿದ್ದ ಡೆಲ್ಲಿ 113ಕ್ಕೆ ಕುಸಿಯಿತು. ಶ್ರೇಯಾಂಕ 12 ರನ್ ಕೊಟ್ಟು 4 ವಿಕೆಟ್ ಕಿತ್ತರು. ಆರ್‌ಸಿಬಿ 8 ವಿಕೆಟ್‌ಗಳಿಂದ ಗೆದ್ದಿತು.

‘ಐದು ತಂಡಗಳ ಟೂರ್ನಿ, ಹತ್ತು ತಂಡಗಳ ಐಪಿಎಲ್‌ಗೆ ಸಮವೇ?’ ಎಂದು ಗೆಳೆಯರು ಕೇಳುತ್ತಾರೆ. ಒಪ್ಪುವ ಮಾತೇ. ಬ್ಯಾಟಿಂಗ್ ಸರಾಸರಿಗಳನ್ನು ಕಲಸಬೇಡಿ, ರನ್ನುಗಳ ಪಟ್ಟಿ ಬೇರೆಯೇ ಇರಲಿ. ಆದರೆ ‘ಆರ್‌ಸಿಬಿ ಗೆದ್ದ ಕಪ್ ಎಷ್ಟು’ ಎಂಬ ಲೆಕ್ಕ ಬಂದಾಗ ಒಂದು ಸಾಲನ್ನು ಕೈಬಿಡುವಂತಿಲ್ಲ. ‘ಪುರುಷರ ತಂಡದ ಮೊದಲ ಕಪ್’ ಎಂದರೆ ಸರಿ. ‘ಆರ್‌ಸಿಬಿಯ ಮೊದಲ ಕಪ್’ ಎಂದರೆ ತಪ್ಪು. ಸಾಫ್ಟ್‌ವೇರ್ ಕೆಲಸದಲ್ಲಿ ಇಂಥ ಮೊತ್ತ ಕೊಟ್ಟರೆ ನನ್ನ ಟೀಮ್ ಲೀಡ್ ವಾಪಸ್ ಕಳಿಸುತ್ತಾರೆ.

ಇದು ಬರೀ ಲೆಕ್ಕದ ಜಗಳವಲ್ಲ. ಕಳೆದುಹೋದ ಆ ಸಾಲಿನಲ್ಲಿ ತನ್ನನ್ನು ಕಂಡಿದ್ದ ಹುಡುಗಿಯೊಬ್ಬಳು ನಮ್ಮ ಮನೆಯಲ್ಲೇ ಕೂತಿದ್ದಳು. 2025ರ ನವೆಂಬರ್ 2ರಂದು ಅದೇ ನೆರೂಳಿನ ಮೈದಾನದಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದರು. ಠಾಣೆ, ಕಲ್ಯಾಣ್, ಡೊಂಬಿವಲಿಯ ಕನ್ನಡ ಬಳಗಗಳು ಐಪಿಎಲ್‌ಗೆ ಹಾಕುವ ದೊಡ್ಡ ಪರದೆಯನ್ನು ಮಹಿಳಾ ತಂಡದ ಪಂದ್ಯಕ್ಕೂ ಹಾಕಲಿ.

ಮಗಳಿಗೆ ನನ್ನ ತಡವಾದ ಉತ್ತರ ಇಷ್ಟೇ: ಸ್ಮೃತಿ ಎತ್ತಿದ್ದು ಮೊದಲನೆಯದು. ಆ ರಾತ್ರಿ ನಾವು ಕುಣಿದದ್ದು ಎರಡನೆಯದಕ್ಕೆ.