ಹಾಡಿನ ಒಡೆಯರು ಯಾರು?

ಮೊನ್ನೆ ಧನಗೆರೆಗೆ ಬಂದಿದ್ದ ಮೊಮ್ಮಗಳು ‘ಸೋಜುಗಾದ ಸೂಜುಮಲ್ಲಿಗೆ’ಯನ್ನು ಸಿನಿಮಾ ಹಾಡೆಂದಳು. ತಪ್ಪು ಅವಳದಲ್ಲ, ಅವಳು ಕೇಳಿದ್ದು 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ. ಅದು ನಮ್ಮ ಮಾದಪ್ಪನ ಹಾಡು, ಕಂಸಾಳೆಯ ದೇವರಗುಡ್ಡರ ಪರಂಪರೆಗೆ ಸೇರಿದ ಸೊತ್ತು ಎಂದಾಗ ಅಚ್ಚರಿಪಟ್ಟಳು.

ಅಮೆರಿಕದಲ್ಲಿಯೂ ಹೀಗೆಯೇ ನಡೆದಿದೆ. ಮಿಸಿಸಿಪ್ಪಿಯ ಕಪ್ಪು ಗಾಯಕ ಆರ್ಥರ್ ಕ್ರೂಡಪ್ 1946ರಲ್ಲಿ ಧ್ವನಿಮುದ್ರಿಸಿದ ‘ದಟ್ಸ್ ಆಲ್ ರೈಟ್’ ಎಂಬ ಬ್ಲೂಸ್ ಗೀತೆಯನ್ನು 1954ರಲ್ಲಿ ಹಾಡಿ ಎಲ್ವಿಸ್ ಪ್ರೀಸ್ಲಿ ಹೆಸರಾದರು. ರಾಕ್ ಸಂಗೀತದ ಬಾಗಿಲು ತೆರೆಯಿತು. ಕ್ರೂಡಪ್ ಅವರಿಗೆ ಸಲ್ಲಬೇಕಾದ ಹಣ 1974ರಲ್ಲಿ ತೀರಿಕೊಳ್ಳುವವರೆಗೂ ಪೂರ್ತಿಯಾಗಿ ಕೈಸೇರಲಿಲ್ಲ. ಆದರೂ ಎಲ್ವಿಸರ ಗ್ರಾಮಫೋನ್ ತಟ್ಟೆಯ ಮೇಲೆ ಅವರ ಹೆಸರಾದರೂ ಅಚ್ಚಾಗಿತ್ತು. ನಮ್ಮ ಗುಡ್ಡರಿಗೆ, ಮಂಟೇಸ್ವಾಮಿಯ ನೀಲಗಾರರಿಗೆ ಸಾಮಾನ್ಯವಾಗಿ ಅಷ್ಟೂ ಇಲ್ಲ. ‘ಜಾನಪದ’ ಎಂಬ ಒಂದೇ ಪದದಲ್ಲಿ ಎಲ್ಲರೂ ಕರಗಿಹೋಗುತ್ತಾರೆ.

ಚಿತ್ರದವರು ಹಾಡನ್ನು ಬಳಸಬಾರದೆಂದು ನಾನು ಹೇಳುವುದಿಲ್ಲ. ಮೊಮ್ಮಗಳ ಬಾಯಿಗೆ ಅದು ಬಂದದ್ದೇ ಹಾಗೆ. ಆದರೆ ಯಾರಿಂದ ಕಲಿತೆವೆಂದು ಹೆಸರಿಸಲಿ, ಗಳಿಕೆಯಲ್ಲೊಂದು ಪಾಲು ಕೊಡಲಿ. ಕಟ್ಟಿದವರೇ ಗೊತ್ತಿಲ್ಲ, ಯಾರಿಗೆ ಕೊಡುವುದು ಎನ್ನುವವರು ಬೆಟ್ಟದ ಜಾತ್ರೆಗೋ ಚಿಕ್ಕಲ್ಲೂರಿಗೋ ಒಮ್ಮೆ ಬರಲಿ. ಹಾಡುವವರು ಅಲ್ಲಿಯೇ ಇದ್ದಾರೆ.