ಗುಡ್ಡೆಯ ಕೇಪಳ ಜಾಲಿಂಗೆ ಬರಳಿ

ಹೋದ ಬೇಶಗೆಲಿ ಎಂಗಳ ಮನೆಲಿ ದುರ್ಗಾಪೂಜೆ ಇತ್ತು. ಕೆಂಪು ಹೂಗು ಬೇಕು ಹೇಳಿ ಪುಳ್ಳಿಯ ಕರಕ್ಕೊಂಡು ಗುಡ್ಡೆಗೆ ಹೋದೆ. ಕೇಪಳ ಎಲ್ಲಿದ್ದು? ಜೇಸಿಬಿ ಬಂದು ಗುಡ್ಡೆ ಮಟ್ಟ ಆಯಿದು, ರಬ್ಬರಿಂಗೆ ಗುಂಡಿ ತೆಗದ್ದವು. ಅಕೇರಿಗೆ ಪೇಟೆಂದ ಹೂಗು ತಂದು ಸುದಾರ್ಸಿದೆಯೊ. "ಅಜ್ಜೀ, ಕೇಪಳ ಹಣ್ಣು ಹೇಳಿರೆ ಎಂತರ?" ಹೇಳಿ ಪುಳ್ಳಿ ಕೇಳಿಯಪ್ಪಗ ಎನಗೆ ನಿಜಕ್ಕೂ ಬೇಜಾರಾತು.

ಎಂಗೊ ಶಾಲೆಗೆ ಹೋಪಗ ಹೂಗಿನ ಎಳದು ಜೇನು ಚೀಪಿಗೊಂಡು, ಎರಡು ಬಿತ್ತಿನ ಆ ಕೆಂಪು ಹಣ್ಣು ತಿಂದೊಂಡು ಹೋದೋರು. ಹೊಟ್ಟೆ ಸರಿ ಇಲ್ಲದ್ರೆ ಅಬ್ಬೆ ಹೂಗಿನ ತುಪ್ಪಲ್ಲಿ ಬಾಡ್ಸಿ, ಜೀರಿಗೆ, ಕಾಯಿ ಹಾಕಿ ಕಡದು, ಮಜ್ಜಿಗೆ ಸೇರ್ಸಿ ತಂಬ್ಳಿ ಮಾಡುಗು.

ಈಗ ಎಲ್ಲರ ಜಾಲಿಲಿಯೂ ನರ್ಸರಿಯ ಗಿಡ್ಡ ಕೇಪಳ ಇದ್ದು. ಅರಶಿನ, ಗುಲಾಬಿ, ಬೆಳಿ. ಚೆಂದವೇ, ಎನ್ನಲ್ಲಿಯೂ ಇದ್ದು. ಆದರೆ ಐದು ವರ್ಷಲ್ಲಿ ಅದರಲ್ಲಿ ಒಂದು ಹಣ್ಣು ಕಂಡಿದಿಲ್ಲೆ. 'ಇಕ್ಸೋರಾ' ಹೇಳಿ ಕೇಳಿರೆ ಪರದೇಶದ್ದು ಹೇಳಿ ಗ್ರೇಶೆಡಿ. ಆ ಹೆಸರು 'ಈಶ್ವರ' ಹೇಳ್ತ ಶಬ್ದಂದಲೇ ಬಂದದು. 1753ರಲ್ಲಿ ಲಿನ್ನೇಯಸ್ ಕೆಂಪು ಕೇಪಳಕ್ಕೆ 'ಇಕ್ಸೋರಾ ಕಾಕ್ಸಿನಿಯಾ' ಹೇಳಿ ಹೆಸರು ಮಡಗಿದ್ದು. ನಮ್ಮ ಗುಡ್ಡೆದೇ ಸೆಸಿ!

"ಕಾಡುಸೆಸಿ ಮನೆ ಎದುರು ಎಂತಕೆ?" ಹೇಳಿ ಕೇಳುವೋರು ಇದ್ದವು. ಗುಡ್ಡೆಲಿ ಇದ್ದಷ್ಟು ಸಮಯ ಜಾಲಿಲಿ ನೆಡೆಕ್ಕಾದ ಅಗತ್ಯ ಇತ್ತಿಲ್ಲೆ. ಈಗ ಇದ್ದು, ಹೇಳುದೇ ಎನ್ನ ಮಾತು.

ಕಷ್ಟ ಎಂತ ಇಲ್ಲೆ. ಮಳೆಗಾಲಲ್ಲಿ ಪೆನ್ಸಿಲಿನಷ್ಟು ತೋರದ ಗೆಲ್ಲು ಊರಿ, ಅಲ್ಲದ್ರೆ ಹಣ್ಣಿನ ಬಿತ್ತು ಹಾಕಿ. ನಮ್ಮ ಮುರಮಣ್ಣು ಹುಳಿಮಣ್ಣು, ಅದಕ್ಕೆ ಅದುವೇ ಇಷ್ಟ. ಸಿಮೆಂಟು ಗೋಡೆಯ ಬುಡಲ್ಲಿ ನೆಡೆಡಿ. ಸುಣ್ಣದ ಅಂಶ ಮಣ್ಣಿಂಗೆ ಇಳುದರೆ ಎಲೆ ಅರಶಿನ ಆವ್ತು. ಬೆಶಿಲು ಬೇಕು. ಹೂಗು ಬಪ್ಪದು ಗೆಲ್ಲಿನ ಕುಡಿಲಿ, ಹಾಂಗಾಗಿ ಹಣ್ಣು ಮುಗುದ ಮತ್ತೆಯೇ ಸವರೆಕ್ಕು. ಎಲೆ ವರ್ಷ ಇಡೀ ಹಸುರೇ ಇರ್ತು.

ಎನಗೆ ತೋಟದ ಅಗಳಿನ ಕರೆಲಿ ಒಂದು ಬುಡ ಸಿಕ್ಕಿತ್ತು. ಆಟಿಲಿ ನಾಲ್ಕು ಗೆಲ್ಲು ಊರಿದೆ, ಎರಡು ಚಿಗುರಿತ್ತು. ಒಂದು ದೇವರ ಪೂಜೆಗೆ, ಇನ್ನೊಂದು ಪುಳ್ಳಿಗೆ. ನಿಂಗಳ ಗುಡ್ಡೆಲಿ ಒಂದು ಬುಡ ಆದರೂ ಒಳುದ್ದರೆ, ಜೇಸಿಬಿ ಬಪ್ಪ ಮದಲೇ ಒಂದು ಗೆಲ್ಲು ತಂದು ಊರಿಕ್ಕಿ. ಆಗದೋ?